ಒಳಜಗಳದ ಮೂರನೇ ದನಿ

ಅಕ್ಕನ ಜೊತೆ ಮಾತು ಬಿಟ್ಟು ಮೂರು ವಾರ ಆಗಿದೆ ಅಂದುಕೊಳ್ಳಿ. ರಾತ್ರಿ ದೀಪ ಆರಿಸಿ ಮಲಗಿದ್ದೀರಿ. ಒಳಗಿಂದ ಒಂದು ದನಿ, "ನಾಳೆ ಒಂದು ಫೋನ್ ಮಾಡಿಬಿಡು" ಅನ್ನುತ್ತದೆ. ತಕ್ಷಣ ಇನ್ನೊಂದು, "ನಾನ್ಯಾಕೆ ಮಾಡಬೇಕು? ತಪ್ಪು ಅವಳದ್ದು" ಅನ್ನುತ್ತದೆ. ಸ್ವಲ್ಪ ಹೊತ್ತು ಎರಡೂ ಕಿತ್ತಾಡುತ್ತವೆ. ಆಮೇಲೆ ಮೂರನೆಯದೊಂದು ಏಳುತ್ತದೆ: "ಛೇ, ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ತಲೆ ಕೆಡಿಸಿಕೊಂಡಿದ್ದೀಯಲ್ಲ, ಎಂಥ ಮನಸ್ಸು ನಿಂದು!"

ಮೊದಲಿನ ಎರಡು ದನಿಗಳ ಪರಿಚಯ ನಮಗೆಲ್ಲ ಇದೆ. ಬೇಕು, ಬೇಡ ಎಂಬ ತಾಕಲಾಟ ಅದು. ಮೂರನೆಯದರ ಕಡೆ ಗಮನ ಹೋಗುವುದು ಕಡಿಮೆ. ಅದು ಪಂಚಾಯಿತಿಗೆ ಬಂದ ಹಿರಿಯರ ಹಾಗೆ ಗತ್ತಿನಲ್ಲಿ ಬರುತ್ತದೆ. ಜಗಳ ಬಿಡಿಸುತ್ತದೇನೋ ಅನ್ನಿಸುತ್ತದೆ. ಆದರೆ ಅದು ಬಂದ ಮೇಲೆ ಇಬ್ಬರ ಜಗಳ ಮೂವರ ಜಗಳ ಆಗುತ್ತದೆ, ಅಷ್ಟೆ. ನಿದ್ದೆ ಕೆಡಿಸುವುದು ಹೆಚ್ಚಾಗಿ ಇದೇ.

ಅಕ್ಕನಿಗೆ ಫೋನ್ ಮಾಡಬೇಕೋ ಬೇಡವೋ ಎಂದು ಝೆನ್ ಎಂಬ ಬೌದ್ಧ ಧ್ಯಾನದ ಪರಂಪರೆ ಹೇಳುವುದಿಲ್ಲ. ಅದು ಕೈ ಹಾಕುವುದು ಈ ಮೂರನೇ ದನಿಗೆ. ಇದು ಹೇಗೆ ಎಂದು ಅರ್ಥವಾದರೆ ಗೋಡೆ ನೋಡುತ್ತಾ ಸುಮ್ಮನೆ ಕೂರುವ ಆ ವಿಚಿತ್ರ ಅಭ್ಯಾಸ ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ.

ರಕ್ತವನ್ನು ರಕ್ತದಿಂದ ತೊಳೆಯುವುದು

ಮನಸ್ಸಿಗೆ ಬಂದದ್ದನ್ನು ಒತ್ತಿ ಹಿಡಿದರೆ ಏನಾಗುತ್ತದೆ? ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈಗ ಸಾಕಷ್ಟು ಪ್ರಸಿದ್ಧ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ಜನರಿಗೆ ಹೇಳಿದರು. ಗಂಟೆ ಬಾರಿಸುತ್ತಲೇ ಇತ್ತು. ಇನ್ನೂ ಕುತೂಹಲದ ಸಂಗತಿ ಆಮೇಲಿನದು. "ಈಗ ಬೇಕಾದರೆ ನೆನೆಯಿರಿ" ಎಂದಾಗ, ಮೊದಲು ತಡೆದುಕೊಂಡಿದ್ದವರಿಗೆ ಕರಡಿ ಇನ್ನೂ ಜಾಸ್ತಿ ನೆನಪಾಯಿತು. ಮೊದಲಿನಿಂದಲೇ ನೆನೆಯಲು ಬಿಟ್ಟಿದ್ದವರಿಗೆ ಅಷ್ಟು ಆಗಲಿಲ್ಲ. ಇದಕ್ಕೆ ವೆಗ್ನರ್ ಮುಂದೆ ಕೊಟ್ಟ ಕಾರಣ ಸರಳ. ಒಂದು ಯೋಚನೆ ಬರಬಾರದು ಅಂದರೆ, ಅದು ಬಂತಾ ಎಂದು ನೋಡಲು ಮನಸ್ಸಿನ ಒಂದು ಭಾಗ ಕಾವಲು ಕೂರಬೇಕು. ಕಳ್ಳನನ್ನು ಕಾಯುವವನಿಗೆ ಕಳ್ಳನದೇ ಧ್ಯಾನ.

ಇದಕ್ಕೆ ಮುನ್ನೂರು ವರ್ಷ ಮೊದಲೇ ಜಪಾನಿನ ಝೆನ್ ಗುರು ಬಂಕೇ (1622–1693) ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದ. ಏಳುವ ಯೋಚನೆಯನ್ನು ಇನ್ನೊಂದು ಯೋಚನೆಯಿಂದ ನಿಲ್ಲಿಸಲು ಹೋಗುವುದು ರಕ್ತವನ್ನು ರಕ್ತದಿಂದ ತೊಳೆದ ಹಾಗೆ. ಮೊದಲಿನ ರಕ್ತ ಹೋದರೂ ತೊಳೆದ ರಕ್ತದ ಕಲೆ ಉಳಿಯುತ್ತದೆ. ನಮ್ಮ ಮೂರನೇ ದನಿ ಮಾಡುವುದು ಈ ತೊಳೆಯುವ ಕೆಲಸವನ್ನೇ.

ಬಂಕೇ ಇದನ್ನು ಪುಸ್ತಕ ಓದಿ ಹೇಳಿದವನಲ್ಲ. ಹರೆಯದಲ್ಲಿ ಮನಸ್ಸನ್ನು ಗೆಲ್ಲಬೇಕೆಂದು ಹಟ ಹಿಡಿದು, ಕೂತಲ್ಲೇ ಕೂತು ಮೈ ಹುಣ್ಣು ಮಾಡಿಕೊಂಡ. ಊಟ, ನಿದ್ದೆ ಬಿಟ್ಟ. ಕೊನೆಗೆ ಕಫದಲ್ಲಿ ರಕ್ತ ಬಂದು ಸಾಯುವ ಸ್ಥಿತಿ ತಲುಪಿದ. ಅಲ್ಲಿಂದ ಬದುಕಿ ಬಂದವನು ಮುಂದೆ ಜನಸಾಮಾನ್ಯರಿಗೆ, ಅವರದೇ ಆಡುಮಾತಿನಲ್ಲಿ, "ನನ್ನ ಹಾಗೆ ಮಾಡಬೇಡಿ" ಎಂದು ಹೇಳುತ್ತಾ ತಿರುಗಿದ. ಝೆನ್ ಗುರುಗಳಲ್ಲಿ ನನಗೆ ಇವನ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ.

ಒಮ್ಮೆ ಒಬ್ಬ ಸನ್ಯಾಸಿ ಅವನ ಹತ್ತಿರ ಬಂದು, "ನನಗೆ ಹುಟ್ಟಿನಿಂದಲೇ ಮುಂಗೋಪ. ಎಷ್ಟು ಪ್ರಯತ್ನಪಟ್ಟರೂ ಹೋಗುತ್ತಿಲ್ಲ. ಏನು ಮಾಡಲಿ?" ಎಂದು ಕೇಳಿದ.

"ಭಾರಿ ಚೆನ್ನಾಗಿದೆಯಲ್ಲ ನೀನು ಹುಟ್ಟುವಾಗ ತಂದದ್ದು! ಈಗ ಇದೆಯಾ? ಇದ್ದರೆ ತೋರಿಸು, ವಾಸಿ ಮಾಡೋಣ" ಅಂದ ಬಂಕೇ.

"ಈಗ ಇಲ್ಲ. ಏನಾದರೂ ಆದಾಗ ತಟ್ಟನೆ ಬಂದುಬಿಡುತ್ತದೆ."

"ಹಾಗಾದರೆ ಅದು ಹುಟ್ಟಿನಿಂದ ಬಂದದ್ದಲ್ಲ. ಏನೋ ಆದಾಗ, ನಿನ್ನ ಮಾತೇ ನಡೆಯಬೇಕು ಅಂತ ಹಟ ಹಿಡಿದಾಗ, ನೀನೇ ಮಾಡಿಕೊಳ್ಳುವುದು."

ಸನ್ಯಾಸಿ ತನ್ನನ್ನು "ಮುಂಗೋಪಿ" ಎಂದು ತೀರ್ಮಾನಿಸಿಬಿಟ್ಟಿದ್ದ. ಆ ತೀರ್ಮಾನದ ಜೊತೆ ವರ್ಷಗಟ್ಟಲೆ ಗುದ್ದಾಡಿದ್ದ. ಕೋಪ ಬಂದಿದ್ದು ದಿನಕ್ಕೆ ಒಂದೆರಡು ಗಳಿಗೆ ಇರಬಹುದು. ಗುದ್ದಾಟ ಮಾತ್ರ ದಿನವಿಡೀ. ಬಂಕೇ ಕೋಪಕ್ಕೆ ಮದ್ದು ಕೊಡಲಿಲ್ಲ. ಈ ಕ್ಷಣದಲ್ಲಿ ಅದು ಎಲ್ಲಿದೆ ಎಂದು ಹುಡುಕಿಸಿದ, ಅಷ್ಟೆ.

"ನಿನ್ನ ಮನಸ್ಸು ಇಲ್ಲಿ ತಾ"

ಹೀಗೆ ಹುಡುಕಿಸುವ ಉಪಾಯ ಬಂಕೇಯದಲ್ಲ, ಬಹಳ ಹಳೆಯದು. ಅದಕ್ಕೆ ಮೊದಲು "ಝೆನ್" ಎಂಬ ಪದದ ಬಗ್ಗೆ ಒಂದು ಮಾತು. ನಮಗೆ ಗೊತ್ತಿರುವ "ಧ್ಯಾನ" ಎಂಬ ಪದವೇ ಚೀನಾದಲ್ಲಿ "ಛಾನ್" ಆಯಿತು, ಜಪಾನಿಗೆ ಹೋಗಿ "ಝೆನ್" ಆಯಿತು. ಕೊರಿಯಾದಲ್ಲಿ ಅದೇ "ಸೋನ್", ವಿಯೆಟ್ನಾಮಿನಲ್ಲಿ "ಥಿಯೆನ್". ಇದನ್ನು ಚೀನಾಕ್ಕೆ ಒಯ್ದವನು ಭಾರತದ ಬೋಧಿಧರ್ಮ ಎನ್ನುವುದು ಪರಂಪರೆಯ ನಂಬಿಕೆ. ಕಾಲ ಸುಮಾರು ಐದು–ಆರನೇ ಶತಮಾನ. ಅವನು ಒಂಬತ್ತು ವರ್ಷ ಗೋಡೆಗೆ ಮುಖ ಮಾಡಿ ಕೂತಿದ್ದನಂತೆ. ಅವನ ಬಗೆಗಿನ ಕಥೆಗಳನ್ನು ಬಹಳ ಕಾಲದ ಮೇಲೆ ಬರೆದಿಟ್ಟದ್ದು, ಹಾಗಾಗಿ ಇತಿಹಾಸ ಎಷ್ಟು, ಕಟ್ಟುಕಥೆ ಎಷ್ಟು ಎಂದು ಬಿಡಿಸುವುದು ಕಷ್ಟ. ನಮ್ಮ ವಿಷಯಕ್ಕೆ ಒಂದು ಕಥೆ ಸಾಕು. 1228ರಲ್ಲಿ ವೂಮೆನ್ ಎಂಬ ಗುರು ಸೇರಿಸಿದ 48 ಪ್ರಸಂಗಗಳ ಸಂಗ್ರಹದಲ್ಲಿ ಇದು 41ನೆಯದು.

ಹುಯ್ಕೆ ಎಂಬುವನು ಬೋಧಿಧರ್ಮನ ಮುಂದೆ ನಿಂತು, "ನನ್ನ ಮನಸ್ಸಿಗೆ ನೆಮ್ಮದಿ ಇಲ್ಲ. ದಯವಿಟ್ಟು ಸಮಾಧಾನ ಮಾಡಿ" ಎಂದು ಬೇಡಿಕೊಂಡ. "ನಿನ್ನ ಮನಸ್ಸು ಇಲ್ಲಿ ತಾ, ಸಮಾಧಾನ ಮಾಡುತ್ತೇನೆ" ಅಂದ ಬೋಧಿಧರ್ಮ. "ಹುಡುಕಿದೆ. ಎಲ್ಲೂ ಸಿಗಲಿಲ್ಲ" ಅಂದ ಹುಯ್ಕೆ. "ಸರಿ, ಸಮಾಧಾನ ಮಾಡಿ ಆಯಿತು" ಎಂದು ಉತ್ತರ ಬಂತು.

ಮೊದಲ ಸಲ ಓದಿದಾಗ ಇದು ಮಾತಿನ ಚಮತ್ಕಾರದ ಹಾಗೆ ಕಾಣುತ್ತದೆ. ನನಗೂ ಹಾಗೇ ಕಂಡಿತ್ತು. ಸ್ವಲ್ಪ ನಿಧಾನಿಸಿ, ಅಕ್ಕನ ವಿಷಯಕ್ಕೇ ತಂದು ನೋಡಿ. "ನನ್ನ ಮನಸ್ಸು ಎರಡಾಗಿದೆ" ಅನ್ನುತ್ತೇವೆ. ಆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಹೋದರೆ ಏನು ಸಿಗುತ್ತದೆ? "ಫೋನ್ ಮಾಡು" ಎಂಬ ಮಾತು ಬಂದಾಗ ಇನ್ನೊಂದು ಇರುವುದಿಲ್ಲ. "ನಾನ್ಯಾಕೆ" ಅನ್ನುವಾಗ ಮೊದಲಿನದು ಆಗಲೇ ಹೋಗಿರುತ್ತದೆ. ಒಂದಾದ ಮೇಲೆ ಒಂದು ಮಾತು, ನಡುವೆ ಗಂಟಲಿನ ಬಿಗಿ, ಎದೆಯ ಭಾರ, ಅಕ್ಕನ ಮುಖದ ಒಂದು ಚಿತ್ರ. ಇಷ್ಟೇ ಸಿಗುವುದು. ಇವುಗಳ ಹಿಂದೆ ಕೂತು ಎರಡು ಹೋಳಾಗಿ ನರಳುತ್ತಿರುವ "ನಾನು" ಎಂಬ ಒಬ್ಬ ವ್ಯಕ್ತಿ ಎಷ್ಟು ಹುಡುಕಿದರೂ ಕೈಗೆ ಸಿಗುವುದಿಲ್ಲ. ಸಂಕಟ ಸುಳ್ಳು ಎಂದು ಇದರ ಅರ್ಥವಲ್ಲ. ಗಂಟಲು ನಿಜವಾಗಿಯೂ ಬಿಗಿದಿರುತ್ತದೆ. ಆದರೆ ಬಿಗಿದ ಗಂಟಲು ಒಂದು ವಿಷಯ, "ನಾನು ಯಾವಾಗಲೂ ಹೀಗೇ" ಅನ್ನುವುದು ಇನ್ನೊಂದು ವಿಷಯ.

ಹುಯ್ಕೆಯ ಶಿಷ್ಯ ಎಂದು ಪರಂಪರೆ ಹೇಳುವ ಸೆಂಗ್‌ತ್ಸಾನ್ ಹೆಸರಿನಲ್ಲಿ ಒಂದು ಪದ್ಯ ಇದೆ. ಮಹಾಮಾರ್ಗ ಕಷ್ಟದ್ದೇನಲ್ಲ, ಆರಿಸುವುದನ್ನು ಬಿಟ್ಟರೆ ಆಯಿತು ಎಂದು ಶುರುವಾಗುತ್ತದೆ. ಇಷ್ಟ ಮತ್ತು ಅನಿಷ್ಟವನ್ನು ಎದುರುಬದುರು ನಿಲ್ಲಿಸುವುದೇ ಮನಸ್ಸಿನ ಕಾಯಿಲೆ ಎಂದು ಮುಂದುವರಿಯುತ್ತದೆ. ಇದನ್ನು ಓದಿ "ಹಾಗಾದರೆ ಏನನ್ನೂ ಆರಿಸಬಾರದಾ? ಎಲ್ಲಕ್ಕೂ ತಲೆಯಾಡಿಸಬೇಕಾ?" ಎಂದು ಜನ ಕೇಳುತ್ತಾರೆ. ನನಗೆ ತಿಳಿದ ಮಟ್ಟಿಗೆ ಹಾಗಲ್ಲ. ಬದುಕಿನಲ್ಲಿ ಆರಿಸಲೇಬೇಕು. ಪದ್ಯ ಬೊಟ್ಟು ಮಾಡುವುದು ಬೇರೆ ಆರಿಸುವಿಕೆಗೆ. ಒಳಗೆ ಏಳುವುದರಲ್ಲಿ "ಇದು ಇರಬಹುದು, ಇದು ಇರಬಾರದು, ಇದು ನಾನು, ಇದು ನಾನಲ್ಲ" ಎಂದು ಕ್ಷಣಕ್ಷಣಕ್ಕೂ ಜರಡಿ ಹಿಡಿಯುತ್ತೇವಲ್ಲ, ಅದಕ್ಕೆ.

ಕೂರುವುದು

ಇಷ್ಟನ್ನೂ ಓದಿ ಒಪ್ಪಿಕೊಂಡರೂ ರಾತ್ರಿಯ ಜಗಳ ನಿಲ್ಲುವುದಿಲ್ಲ. ಒಪ್ಪಿಕೊಳ್ಳುವುದೂ ಒಂದು ಯೋಚನೆ ತಾನೇ? ಅದಕ್ಕೇ ಝೆನ್ ದೇಹದಿಂದ ಶುರು ಮಾಡುತ್ತದೆ. ಕೂರುವ ಅಭ್ಯಾಸಕ್ಕೆ ಝಾಝೆನ್ ಎಂದು ಹೆಸರು. "ಝಾ" ಅಂದರೆ ಕೂರುವುದು.

ಗಟ್ಟಿಯಾದ ದಿಂಬಿನ ಮುಂಭಾಗದಲ್ಲಿ ಕೂತು ಎರಡೂ ಮಂಡಿಗಳು ನೆಲಕ್ಕೆ ತಾಗುವಂತೆ ನೋಡಿಕೊಳ್ಳಿ. ಪದ್ಮಾಸನ, ಅರ್ಧಪದ್ಮಾಸನ, ಸುಮ್ಮನೆ ಕಾಲು ಮಡಚಿದ್ದು, ಯಾವುದಾದರೂ ಆಗಬಹುದು. ಮಂಡಿ ನೋವಿದ್ದರೆ ಕುರ್ಚಿಯೇ ಸರಿ, ಒರಗಬೇಡಿ ಅಷ್ಟೆ. ಬೆನ್ನು ನೆಟ್ಟಗೆ, ಗದ್ದ ತುಸು ಒಳಗೆ. ಕಣ್ಣು ಅರ್ಧ ತೆರೆದಿರಲಿ, ನೋಟ ಸುಮಾರು ಒಂದು ಮೀಟರ್ ಮುಂದೆ ನೆಲದ ಮೇಲೆ ಬೀಳಲಿ. ಕಣ್ಣು ಪೂರ್ತಿ ಮುಚ್ಚಿದರೆ ಒಂದೋ ನಿದ್ದೆ ಬರುತ್ತದೆ, ಇಲ್ಲವೇ ಸಿನಿಮಾ ಶುರುವಾಗುತ್ತದೆ.

ಕೈಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಲ ಅಂಗೈ ಮೇಲೆ ಎಡಗೈ ಇಟ್ಟು, ಎರಡು ಹೆಬ್ಬೆರಳುಗಳ ತುದಿ ಮೆಲ್ಲಗೆ ತಾಗುವಂತೆ ಇಡಬೇಕು. ಬೆಟ್ಟವೂ ಆಗಬಾರದು, ಕಣಿವೆಯೂ ಆಗಬಾರದು ಎಂದು ಕಲಿಸುವವರು ಹೇಳುತ್ತಾರೆ. ತೂಕಡಿಸಿದಾಗ ಹೆಬ್ಬೆರಳುಗಳು ಕುಸಿದು ಕಣಿವೆ ಆಗುತ್ತವೆ. ಒಳಗೆ ಜಗಳ ಕಾವೇರಿದಾಗ ಒಂದನ್ನೊಂದು ಒತ್ತಿ ಬೆಟ್ಟ ಆಗುತ್ತವೆ. ಜಗಳ ಶುರುವಾದದ್ದು ನಿಮಗಿಂತ ಮೊದಲು ನಿಮ್ಮ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಸುಳ್ಳಲ್ಲ, ಒಮ್ಮೆ ನೋಡಿ.

ಇನ್ನು ಉಸಿರು. ಹೊಸಬರಿಗೆ ಸಾಮಾನ್ಯವಾಗಿ ಎಣಿಸಲು ಹೇಳುತ್ತಾರೆ. ಉಸಿರು ಬಿಟ್ಟಾಗ ಒಂದು, ಮತ್ತೆ ಬಿಟ್ಟಾಗ ಎರಡು, ಹೀಗೆ ಹತ್ತರವರೆಗೆ, ಮತ್ತೆ ಒಂದರಿಂದ. ಎಣಿಕೆ ತಪ್ಪಿದರೆ ಒಂದಕ್ಕೆ ವಾಪಸ್. ಕೇಳಲು ಮಕ್ಕಳಾಟ. ನಾನು ಮೊದಲು ಕೂತ ದಿನಗಳಲ್ಲಿ ನಾಲ್ಕು ದಾಟುವುದೇ ಅಪರೂಪವಾಗಿತ್ತು. ಒಂದು ದಿನ ಹದಿನೇಳು ಎಣಿಸುತ್ತಿದ್ದೆ! ಮಠಗಳಲ್ಲಿ ಒಂದು ಸಲಕ್ಕೆ ಸುಮಾರು ನಲವತ್ತು ನಿಮಿಷ ಕೂರುತ್ತಾರೆ. ಮನೆಯಲ್ಲಿ ಹತ್ತು ನಿಮಿಷದಿಂದ ಶುರು ಮಾಡಿದರೆ ಸಾಕು. ದಿನಾ ಕೂರುವುದು ಮುಖ್ಯ.

ಈಗ ಉಸಿರು ನಾಲ್ಕಕ್ಕೆ ಬಂದಿದೆ, ಅಕ್ಕ ಬಂದಳು ಅನ್ನಿ. "ಅವತ್ತು ಎಲ್ಲರ ಮುಂದೆ ಹಾಗಂದಳಲ್ಲ..." ಇಲ್ಲಿ ನಮಗೆ ಎರಡು ದಾರಿ ಮಾತ್ರ ರೂಢಿ. ಒಂದು, ಆ ಯೋಚನೆಯ ಹಿಂದೆ ಹೋಗುವುದು: ಅವಳೇನಂದಳು, ನಾನೇನನ್ನಬೇಕಿತ್ತು, ಮುಂದಿನ ಸಲ ಏನನ್ನುತ್ತೇನೆ. ಇನ್ನೊಂದು, ಅಟ್ಟುವುದು: ಧ್ಯಾನದಲ್ಲಿ ಕೂತು ಇದೆಂಥ ಯೋಚನೆ, ಹೋಗು. ಝಾಝೆನ್‌ನಲ್ಲಿ ಎರಡನ್ನೂ ಮಾಡದೆ ಕೂರುವುದನ್ನು ಕಲಿಯುತ್ತೇವೆ. ಇಪ್ಪತ್ತನೇ ಶತಮಾನದ ಜಪಾನಿ ಗುರು ಉಚಿಯಾಮಾ ಕೋಶೋ ಇದನ್ನು ಯೋಚನೆ ಹಿಡಿದಿರುವ ಕೈಯನ್ನು ಬಿಚ್ಚುವುದು ಎಂದು ಕರೆದ. ಹಿಡಿದದ್ದನ್ನು ದೂರ ಬಿಸಾಡಬೇಕು ಎಂದಲ್ಲ. ಬಿಸಾಡಲು ಮೊದಲು ಇನ್ನೂ ಗಟ್ಟಿಯಾಗಿ ಹಿಡಿಯಬೇಕಾಗುತ್ತದೆ. ಬೆರಳು ಸಡಿಲವಾದರೆ ಸಾಕು. ಅಂಗೈ ಮೇಲೆ ಅದು ಇನ್ನೂ ಸ್ವಲ್ಪ ಹೊತ್ತು ಇರಬಹುದು, ಬಿದ್ದೂ ಹೋಗಬಹುದು.

ನಮ್ಮ ಮಾತಿನಲ್ಲಿ "ಬಿಟ್ಟುಬಿಡು" ಎಂದು ಎಷ್ಟು ಸುಲಭವಾಗಿ ಬುದ್ಧಿ ಹೇಳುತ್ತೇವೆ ಅಲ್ವಾ? ಆ ಒಂದು ಪದದಲ್ಲೇ ಎರಡು ಸಲ ಬಿಡುವುದಿದೆ. ಕೇಳಿಸಿಕೊಂಡವರಿಗೆ ಒಂದು ಸಲವೂ ಆಗುವುದಿಲ್ಲ. ಏಕೆಂದರೆ "ಬಿಡಬೇಕು" ಎಂಬುದೇ ಹಿಡಿಯಲು ಇನ್ನೊಂದು ವಸ್ತು ಆಗಿಬಿಡುತ್ತದೆ. ಬೆರಳು ಸಡಿಲ ಮಾಡುವುದನ್ನು ಹೇಳಿಸಿಕೊಂಡು ಕಲಿಯಲಾಗದು. ಹತ್ತು ನಿಮಿಷದಲ್ಲಿ ಐವತ್ತು ಸಲ ಹಿಡಿದು, ಐವತ್ತು ಸಲ ಸಡಿಲಿಸಿ, ಒಂದಕ್ಕೆ ವಾಪಸ್ ಬಂದಾಗ ಮೈಗೆ ಹತ್ತುತ್ತದೆ. ಹಾಗಾಗಿ ಎಣಿಕೆ ತಪ್ಪುವುದು ಸೋಲು ಅಂದುಕೊಳ್ಳಬೇಡಿ. ತಪ್ಪದೇ ಇದ್ದರೆ ವಾಪಸ್ ಬರುವ ಅಭ್ಯಾಸ ಆಗುವುದಾದರೂ ಹೇಗೆ?

ಒಂದು ಎಚ್ಚರಿಕೆ. ಮೊದಲ ಕೆಲವು ವಾರ ಒಳಗಿನ ಗದ್ದಲ ಜಾಸ್ತಿ ಆದ ಹಾಗೆ ಅನ್ನಿಸಬಹುದು. ಫ್ಯಾನ್ ನಿಂತಾಗ ಗಡಿಯಾರದ ಸದ್ದು ಕೇಳುವ ಹಾಗೆ ಅದು. ಸದ್ದು ಮೊದಲೂ ಇತ್ತು.

ಅಭ್ಯಾಸ ಸ್ವಲ್ಪ ಪಳಗಿದ ಮೇಲೆ ಝೆನ್‌ನ ಒಂದು ಶಾಖೆಯಾದ ಸೋತೋ ಪಂಥದಲ್ಲಿ ಎಣಿಕೆಯನ್ನೂ ಬಿಟ್ಟು "ಶಿಕಾನ್‌ತಾಝಾ", ಅಂದರೆ ಕೇವಲ ಕೂರುವುದನ್ನು ಮಾಡುತ್ತಾರೆ. ಜಪಾನಿನಲ್ಲಿ ಈ ಪಂಥ ಕಟ್ಟಿದ ದೋಗೆನ್ (1200–1253) ಇದನ್ನು ವಿವರಿಸಲು ಒಂದು ಹಳೆಯ ಚೀನೀ ಸಂಭಾಷಣೆಯನ್ನು ಮತ್ತೆ ಮತ್ತೆ ನೆನೆಯುತ್ತಾನೆ. ಅಲುಗಾಡದೆ ಕೂತಿದ್ದ ಯಾವ್‌ಶಾನ್ ಎಂಬ ಗುರುವನ್ನು ಒಬ್ಬ, "ಏನು ಯೋಚಿಸುತ್ತಿದ್ದೀರಿ?" ಎಂದು ಕೇಳಿದ. "ಯೋಚಿಸದೇ ಇರುವುದನ್ನು ಯೋಚಿಸುತ್ತಿದ್ದೇನೆ." "ಅದನ್ನು ಯೋಚಿಸುವುದು ಹೇಗೆ?" "ಯೋಚನೆಯ ಆಚೆಯಿಂದ." ಕೊನೆಯ ಉತ್ತರದ ಮೇಲೆ ಶತಮಾನಗಳಿಂದ ಚರ್ಚೆ ನಡೆದಿದೆ. ನಾನು ಅದನ್ನು ಕಿವಿಯ ಮೂಲಕ ಅರ್ಥ ಮಾಡಿಕೊಂಡಿದ್ದೇನೆ. ಹೊರಗೆ ಹಕ್ಕಿ ಕೂಗಿದರೆ ಕೇಳುತ್ತದೆ. ಕೇಳಬೇಕು ಎಂದು ಪ್ರಯತ್ನಿಸಲಿಲ್ಲ, ಕೇಳಬಾರದು ಎಂದು ತಡೆಯಲೂ ಇಲ್ಲ. ಯೋಚನೆಯೂ ಹಾಗೆ ಬಂದು ಹೋದರೆ ಅದರ ಜೊತೆ ಜಗಳಕ್ಕೆ ಯಾರು ಉಳಿದರು?

ಬಾಯಲ್ಲಿ ಬಿಸಿ ತುಪ್ಪ

ಝೆನ್‌ನ ಇನ್ನೊಂದು ಶಾಖೆಯಾದ ರಿಂಝಾಯಿ ಪಂಥದ ದಾರಿ ಬೇರೆ, ಕೇಳಿದರೆ ಪೂರಾ ಉಲ್ಟಾ ಅನ್ನಿಸುತ್ತದೆ. ಅಲ್ಲಿ ಜಗಳವನ್ನು ತಣಿಸುವುದಿಲ್ಲ, ಹೆಚ್ಚಿಸುತ್ತಾರೆ! ಗುರು ಶಿಷ್ಯನಿಗೆ ಒಂದು ಕೋಆನ್ ಕೊಡುತ್ತಾನೆ. ಬುದ್ಧಿ ಓಡಿಸಿ ಬಿಡಿಸಲಾಗದ ಪ್ರಶ್ನೆ ಅದು. ಒಂದೇ ಕೈಯ ಚಪ್ಪಾಳೆಯ ಸದ್ದು ಏನು ಎಂಬ, ಈ ಪಂಥದ ಜಪಾನಿ ಗುರು ಹಕುಯಿನ್‌ನ (1686–1769) ಪ್ರಶ್ನೆಯನ್ನು ಕೇಳಿರಬಹುದು. ಮೇಲೆ ಹೇಳಿದ ವೂಮೆನ್ ತನ್ನ ಸಂಗ್ರಹದ ಮೊದಲ ಕೋಆನ್ ಬಗ್ಗೆ ಹೀಗೆ ಬರೆಯುತ್ತಾನೆ: ಕಾದು ಕೆಂಪಾದ ಕಬ್ಬಿಣದ ಗುಂಡು ನುಂಗಿದ ಹಾಗೆ, ಉಗುಳಲು ನೋಡಿದರೂ ಹೊರಬರದು. ನಮ್ಮ ಬಿಸಿ ತುಪ್ಪದ ಗಾದೆಯೇ, ಸ್ವಲ್ಪ ಜೋರಾಗಿದೆ ಅಷ್ಟೆ.

ಯಾಕೆ ಹೀಗೆ? ಸಾಮಾನ್ಯ ಒಳಜಗಳದಲ್ಲಿ ನಮಗೆ ತಪ್ಪಿಸಿಕೊಳ್ಳುವ ಜಾಗ ಇರುತ್ತದೆ. ಒಂದು ಕಡೆ ಸುಸ್ತಾದರೆ ಇನ್ನೊಂದು ಕಡೆ ವಾಲುತ್ತೇವೆ. ಫೋನ್ ಮಾಡುತ್ತೇನೆ ಅಂದುಕೊಂಡು ಸ್ವಲ್ಪ ಹಗುರ, ಮಾಡುವುದಿಲ್ಲ ಅಂದುಕೊಂಡು ಸ್ವಲ್ಪ ಹಗುರ. ಹೀಗೆ ವಾಲಾಡುತ್ತಲೇ ವರ್ಷ ಕಳೆಯಬಹುದು. ಕೋಆನ್ ಆ ಜಾಗವನ್ನು ಮುಚ್ಚುತ್ತದೆ. ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು, ಸುಮ್ಮನಿದ್ದರೂ ತಪ್ಪು. ಹಂಚಿಹೋಗಿದ್ದ ಮನಸ್ಸು ಒಂದೇ ಕಡೆ ಗಟ್ಟಿಯಾಗುತ್ತದೆ. ಅದು ಒಡೆಯುವ ಹೊತ್ತಿಗೆ ಉತ್ತರ ಸಿಗುತ್ತದೆ ಅನ್ನುವುದಕ್ಕಿಂತ, ಕೇಳುತ್ತಿದ್ದವನು ಪ್ರಶ್ನೆಯ ಹೊರಗೆ ನಿಂತಿರುವುದಿಲ್ಲ ಅನ್ನುವುದು ವಾಸಿ. ಈ ದಾರಿಗೆ ಎದುರು ಕೂತು ನೋಡುವ ಗುರು ಬೇಕೇ ಬೇಕು. ಒಬ್ಬರೇ ಮನೆಯಲ್ಲಿ ಕೋಆನ್ ಹಿಡಿದು ಕೂರುವುದನ್ನು ನಾನಂತೂ ಹೇಳುವುದಿಲ್ಲ.

ಹಕುಯಿನ್ ಸ್ವತಃ ಇದಕ್ಕೆ ಸಾಕ್ಷಿ. ಮಿತಿಮೀರಿದ ಸಾಧನೆಯಿಂದ ಅವನ ತಲೆ ಕಾದು, ಕಾಲು ತಣ್ಣಗಾಗಿ, ಕಿವಿಯಲ್ಲಿ ಸದ್ದು ತುಂಬಿ, ಸಣ್ಣದಕ್ಕೂ ಹೆದರುವ ಸ್ಥಿತಿ ಬಂದಿತ್ತು. ಅದನ್ನು ಅವನೇ "ಝೆನ್ ಕಾಯಿಲೆ" ಎಂದು ಬರೆದಿಟ್ಟಿದ್ದಾನೆ. ಮೂರನೇ ದನಿ ಎಷ್ಟು ಜಾಣ ಅಂದರೆ, ಅದು ಕಾವಿ ಉಟ್ಟುಕೊಂಡೂ ಬರುತ್ತದೆ. "ಇನ್ನೂ ಮನಸ್ಸು ನಿಂತಿಲ್ಲ", "ಬೇರೆಯವರು ಎಷ್ಟು ಶಾಂತವಾಗಿ ಕೂತಿದ್ದಾರೆ" ಎಂದು ಝಾಝೆನ್ ದಿಂಬಿನ ಮೇಲೇ ಹೊಸ ಜಗಳ ಹೂಡುತ್ತದೆ. ಉಚಿಯಾಮಾನ ಗುರು ಸವಾಕಿ ಕೋದೋ (1880–1965) ಝಾಝೆನ್‌ನಿಂದ ಏನು ಸಿಗುತ್ತದೆ ಎಂದು ಕೇಳಿದವರಿಗೆ "ಏನೂ ಇಲ್ಲ" ಅನ್ನುತ್ತಿದ್ದ. ಆ ದನಿಯ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಶಾಂತಿ ಎಲ್ಲದಕ್ಕೂ ಮದ್ದಲ್ಲ

ಎಲ್ಲ ಒಳಜಗಳವನ್ನೂ ಕೂತು ಕರಗಿಸಬೇಕು ಎಂದೇನಿಲ್ಲ. ಯಾರೋ ನಿಮ್ಮನ್ನು ಹೊಡೆಯುತ್ತಿದ್ದರೆ, ಮೋಸ ಮಾಡಲು ನಿಮ್ಮನ್ನು ಒತ್ತಾಯಿಸುತ್ತಿದ್ದರೆ, ಒಳಗಿನ ಕಿರಿಕಿರಿ ಸರಿಯಾದ ಸುದ್ದಿಯನ್ನೇ ಹೇಳುತ್ತಿದೆ. ಅದನ್ನು ಕೇಳಿ, ಅಲ್ಲಿಂದ ಏಳಬೇಕು. ತೀವ್ರ ಖಿನ್ನತೆ, ಹಳೆಯ ಆಘಾತ ಇದ್ದವರಿಗೆ ದೀರ್ಘ ಮೌನ ಕೆಲವೊಮ್ಮೆ ತೊಂದರೆ ಕೊಡುತ್ತದೆ. ಅಂಥವರು ವೈದ್ಯರನ್ನು ಕೇಳಿಯೇ ಶುರು ಮಾಡುವುದು ಒಳ್ಳೆಯದು.

ಇದರ ಬಗ್ಗೆ ಝೆನ್ ಇತಿಹಾಸದಲ್ಲೇ ಒಂದು ಕಹಿ ಪಾಠ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನ ಝೆನ್ ಸಂಸ್ಥೆಗಳೂ ಹಲವು ಹೆಸರಾಂತ ಗುರುಗಳೂ ಯುದ್ಧಕ್ಕೆ ಬೆಂಬಲ ಕೊಟ್ಟರು. ಸೋತೋ ಪಂಥ 1992ರಲ್ಲಿ ತನ್ನ ಆ ನಡವಳಿಕೆಗೆ ಬಹಿರಂಗವಾಗಿ ಕ್ಷಮೆ ಕೇಳಿತು. ಒಳಗೆ ಜಗಳ ಇಲ್ಲದ ಮನಸ್ಸು ತಪ್ಪು ಕೆಲಸವನ್ನೂ ನಿರಾಳವಾಗಿ ಮಾಡಬಲ್ಲದು. ಸರಿ ಯಾವುದು, ತಪ್ಪು ಯಾವುದು ಎಂಬ ಕೆಲಸ ಬೇರೆಯೇ ಇದೆ. ಕೂರುವುದು ಅದನ್ನು ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಬಟ್ಟಲು

ಹಾಗಾದರೆ ಅಕ್ಕನ ವಿಷಯ?

ವೂಮೆನ್‌ನ ಸಂಗ್ರಹದಲ್ಲಿ ಏಳನೆಯ ಪ್ರಸಂಗ ತೀರಾ ಚಿಕ್ಕದು. ಮಠಕ್ಕೆ ಹೊಸದಾಗಿ ಬಂದ ಒಬ್ಬ, ಝಾವ್‌ಝೋ ಎಂಬ ಗುರುವನ್ನು ಏನಾದರೂ ಉಪದೇಶ ಮಾಡಿ ಎಂದು ಕೇಳಿದ. "ಗಂಜಿ ಕುಡಿದು ಆಯಿತಾ?" "ಆಯಿತು." "ಹಾಗಾದರೆ ಬಟ್ಟಲು ತೊಳಿ."

ಕೂರುವ ಹೊತ್ತು ಮುಗಿದು ಗಡಿಯಾರದ ಗಂಟೆ ಆಗುತ್ತದೆ. ಕಾಲು ಜೋಮು ಹಿಡಿದಿರುತ್ತದೆ, ತಕ್ಷಣ ಏಳಬೇಡಿ, ಬಿದ್ದೀರಿ. ಮೈಯನ್ನು ಎಡಕ್ಕೆ, ಬಲಕ್ಕೆ ಮೆಲ್ಲಗೆ ಆಡಿಸಿ, ಕಾಲು ಬಿಡಿಸಿ, ಆಮೇಲೆ ಏಳಿ. ಅಕ್ಕನ ಮೇಲಿನ ಸಿಟ್ಟು ಇನ್ನೂ ಇರಬಹುದು. ಅವಳ ನೆನಪೂ ಇರಬಹುದು. ಎರಡೂ ಒಂದೇ ಎದೆಯಲ್ಲಿ, ಒಂದನ್ನೊಂದು ಹೊರದಬ್ಬದೆ, ಸ್ವಲ್ಪ ಹೊತ್ತು ಕೂತಿದ್ದವು. ನಂಬರ್ ಒತ್ತಲು ಸಿಟ್ಟು ಪೂರ್ತಿ ಹೋಗಬೇಕಾಗಿಲ್ಲ ಎಂಬುದು ಆಗ ಗೊತ್ತಾಗುತ್ತದೆ. ಒತ್ತದೇ ಇರುವುದಾದರೂ ಸರಿ, ಇವತ್ತು ಒತ್ತುವುದಿಲ್ಲ, ಅಷ್ಟೆ. ಅದಕ್ಕೆ ಮೇಲಿಂದ ಬೈಗುಳ ಬೇಕಿಲ್ಲ.

ಒತ್ತಿದಿರಿ ಅನ್ನಿ. ಅಕ್ಕ ಎತ್ತದೇ ಇರಬಹುದು. ಎತ್ತಿದರೆ ಮೊದಲ ಮಾತು ಏನಿರಬೇಕು ಎಂದು ಕೂತಾಗ ಹೊಳೆದಿರುವುದಿಲ್ಲ. ರಿಂಗ್ ಆಗುತ್ತಿರುತ್ತದೆ.